ಕೋಳಿ ಸತ್ತದ್ದಕ್ಕೆ ಕಾರಣ ಯಾವುದು?

ಯಲಬುರ್ಗಾ, ಕುಷ್ಟಗಿ ಕಡೆ ಹಿತ್ತಲ ಕೋಳಿಗಳು ತೂಕಡಿಸುತ್ತ, ಹಸಿರು ಹಿಕ್ಕೆ ಹಾಕುತ್ತ, ಕುತ್ತಿಗೆ ತಿರುಚಿಕೊಂಡು ಒಂದರ ಹಿಂದೊಂದು ಸತ್ತರೆ ಅದು ಬಹುತೇಕ ಕೊಕ್ಕರೆ ರೋಗ. ಪಶುವೈದ್ಯರು ಇದನ್ನು ರಾಣಿಖೇತ್ ಎನ್ನುತ್ತಾರೆ. ಏಕೆ ಸತ್ತವು ಎಂದು ಕೇಳಿ ನೋಡಿ. ಒಬ್ಬರು ಬಿಸಿಲು ಅನ್ನುತ್ತಾರೆ, ಇನ್ನೊಬ್ಬರು ಸಂತೆಯಿಂದ ತಂದ ಹುಂಜ ಅನ್ನುತ್ತಾರೆ. ಲಸಿಕೆ ತಪ್ಪಿತು ಅನ್ನುವವರೂ ಇದ್ದಾರೆ. ಕೊಪ್ಪಳ, ಗಂಗಾವತಿಯ ಫಾರಂನವರಾದರೆ ‘ಈ ಸಲದ ವೈರಸ್ಸೇ ಜೋರು’ ಎಂದಾರು. ಕಾರಣ ಎಂದರೇನು ಎಂಬ ಹಳೆಯ ಪ್ರಶ್ನೆ ಇಲ್ಲಿ ಕೋಳಿಗೂಡಿಗೇ ಬಂದು ನಿಂತಿದೆ.

ಫಾರಂನವರ ಮಾತಿಗೆ ಬಲವಾದ ಪುರಾವೆಯಿದೆ. ಸುಮಾರು 15,000 ಅಕ್ಷರಗಳ ಜೀನೋಮಿರುವ ಈ ವೈರಸ್ಸಿನಲ್ಲಿ ಇರುವುದು ಆರೇ ಜೀನುಗಳು. ಅದರಲ್ಲಿ ‘ಎಫ್’ ಜೀನಿನಿಂದಾಗುವ ಪ್ರೋಟೀನನ್ನು ಕೋಳಿಯ ಕಿಣ್ವವೊಂದು ಕತ್ತರಿಸಿಕೊಟ್ಟರಷ್ಟೇ ವೈರಸ್ಸಿಗೆ ಜೀವಕೋಶದೊಳಕ್ಕೆ ದಾರಿ. ಸೌಮ್ಯ ತಳಿಗಳ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿರುವುದು ಮುಖ್ಯವಾಗಿ ಉಸಿರಾಟದ ನಾಳದಲ್ಲಿ, ಕರುಳಿನಲ್ಲಿ. ಸೋಂಕು ಅಲ್ಲೇ ನಿಲ್ಲುತ್ತದೆ. ಆ ಕತ್ತರಿಸುವ ಜಾಗದಲ್ಲಿ ಆರ್ಜಿನೀನ್, ಲೈಸೀನ್ ಎಂಬ ಅಮೈನೋ ಆಮ್ಲಗಳು ಸಾಲಾಗಿ ಬಂದರೆ ಮೈತುಂಬ ಇರುವ ಫ್ಯೂರಿನ್ ಎಂಬ ಕಿಣ್ವಕ್ಕೂ ಅದು ಸಿಗುತ್ತದೆ. ಆಗ ಮಿದುಳೂ ಉಳಿಯುವುದಿಲ್ಲ. ಫಾರಂಗಳಲ್ಲಿ ಲಸಿಕೆಯಾಗಿ ಕೊಡುವ ಲಾಸೋಟ ತಳಿಯಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಈ ಜಾಗವೊಂದನ್ನೇ ಬದಲಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶ: ಉಗ್ರತೆಯ ಸೂಚ್ಯಂಕ ಸೊನ್ನೆಯಿಂದ 1.28ಕ್ಕೆ ಏರಿತ್ತು.

ಹಾಗಾದರೆ ಜೀನೇ ಕಾರಣ ಎಂದು ಕಡತ ಮುಚ್ಚೋಣವೇ? ಅವಸರ ಬೇಡ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇನ್ನೊಂದು ಲಸಿಕೆ ಮುಕ್ತೇಶ್ವರದ ಆರ್2ಬಿ. ಅದರ ಎಫ್ ಜೀನಿನಲ್ಲೂ ಇದೇ ಉಗ್ರ ಗುರುತಿದೆ! ಎಳೆ ಮರಿಗೆ ಅದು ಅಪಾಯ; ಎಂಟು ವಾರ ದಾಟಿದ, ಮೊದಲೇ ಸೌಮ್ಯ ಲಸಿಕೆ ಪಡೆದ ಕೋಳಿಗೆ ರಕ್ಷೆ.

ಜೀನೊಂದೇ ಸಾಲದು ಎಂದಾಯಿತು. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇಂಥದ್ದಕ್ಕೆ ಸಿದ್ಧರಾಗಿದ್ದರು. ಕಾರ್ಯಕ್ಕಿಂತ ಮೊದಲು ತಪ್ಪದೆ ಇರಬೇಕಾದದ್ದು ಕಾರಣ. ಸುಮ್ಮನೆ ಮೊದಲಿದ್ದದ್ದು ‘ಅನ್ಯಥಾಸಿದ್ಧ’. ಮಡಕೆಗೆ ಮಣ್ಣು ಹೊತ್ತ ಕತ್ತೆ ಮಡಕೆಯ ಕಾರಣವಲ್ಲ. ಹಿಂದಿನ ರಾತ್ರಿ ಕೂಗಿದ ಗೂಬೆಯೂ ಇಲ್ಲಿಗೇ ಸೇರುತ್ತದೆ. ಉಳಿದವು ಒಟ್ಟುಗೂಡಿದ ‘ಸಾಮಗ್ರಿ’ಯಿಂದ ಕಾರ್ಯ ಹುಟ್ಟುತ್ತದೆ. 1965ರಲ್ಲಿ ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ ಹೇಳಿದ್ದೂ ಇದರ ಹತ್ತಿರದ ಮಾತು: ನಾವು ಕಾರಣ ಎನ್ನುವುದು ತಾನೊಂದೇ ಸಾಲದು, ಆದರೆ ತಾನಿರುವ ಗುಂಪಿಗೆ ಅದಿಲ್ಲದೆ ಆಗದು, ಆ ಗುಂಪೇ ಆಗಬೇಕೆಂದೂ ಇಲ್ಲ, ಬೇರೊಂದು ಗುಂಪಿನಿಂದಲೂ ಅದೇ ಫಲ ಬರಬಹುದು.

ಗುಂಪಿನಿಂದ ಒಂದನ್ನೇ ಎತ್ತಿ ‘ಕಾರಣ’ ಎನ್ನುವುದು ನಮ್ಮ ಮರ್ಜಿ ಎಂದು ಜಾನ್ ಸ್ಟುವರ್ಟ್ ಮಿಲ್ 1843ರಲ್ಲೇ ಬರೆದಿದ್ದ. ನನಗೆ ಅದು ಅತಿಯೆನಿಸುತ್ತದೆ. ಎತ್ತುವುದು ಹೋಲಿಕೆಯನ್ನು ನೋಡಿ. ಒಂದೇ ಶೆಡ್ಡು, ಒಂದೇ ವಯಸ್ಸಿನ ಕೋಳಿ, ಎರಡು ತಳಿಯ ವೈರಸ್: ಇಲ್ಲಿ ಸಾವಿನ ವ್ಯತ್ಯಾಸಕ್ಕೆ ಜೀನು ಕಾರಣ. ವೈರಸ್ ಒಂದೇ, ಲಸಿಕೆ ಕಂಡ ಮನೆ, ಕಾಣದ ಮನೆ: ಇಲ್ಲಿ ಲಸಿಕೆ ತಪ್ಪಿದ್ದೇ ಕಾರಣ. ಫಾರಂನವರದೂ ಸರಿ, ಲಸಿಕೆ ತಪ್ಪಿತು ಎಂದವರದೂ ಸರಿ; ಅವರು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ.

ಲಾಸೋಟ ಪ್ರಯೋಗದ ಆ ಉಗ್ರತೆಯ ಸೂಚ್ಯಂಕವೂ ಹೀಗೊಂದು ಹೋಲಿಕೆಯೇ. ರೋಗನಿರೋಧವಿಲ್ಲದ ಒಂದು ದಿನದ ಮರಿಗಳ ಮಿದುಳಿಗೇ ವೈರಸ್ ಚುಚ್ಚಿ, ಎಂಟು ದಿನ ನೋಡಿ ಅಂಕ ಕೊಡುತ್ತಾರೆ. ಗರಿಷ್ಠ 2, 0.7 ಮುಟ್ಟಿದರೆ ಉಗ್ರ. ವಯಸ್ಸು, ಲಸಿಕೆ, ಸೋಂಕಿನ ದಾರಿ ಎಲ್ಲವನ್ನೂ ಒಂದೇ ಕಡೆ ಕಟ್ಟಿಹಾಕಿದ್ದರಿಂದ ಅಲ್ಲಿ ವೈರಸ್ಸಿನ ಜೀನುಗಳಷ್ಟೇ ಮಾತಾಡುತ್ತವೆ. ಗಂಗಾವತಿಯ ಶೆಡ್ಡಿನಲ್ಲಿ ಇವ್ಯಾವುದನ್ನೂ ಯಾರೂ ಕಟ್ಟಿಹಾಕಿರುವುದಿಲ್ಲ.