ಹಂಗು ಮತ್ತು ಹಕ್ಕು: ಒಂದು ಬಸ್ ನಿಲ್ದಾಣದಲ್ಲಿ

ಕಥೆ ಬರೆಯುವ ನಮ್ಮಂಥವರಿಗೆ ಬಸ್ ನಿಲ್ದಾಣವೆಂದರೆ ಬರಿದಾಗದ ಕಣಜ. ಸಂಜೆ ಆರರ ಹೊತ್ತಿಗೆ ನಮ್ಮ ಊರಿನ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಬಸ್ಸು ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಗಳಲ್ಲಿ ಟವೆಲ್ಲು, ಕರ್ಚೀಫು, ಚೀಲಗಳು ತೂರಿ ಸೀಟು ಹಿಡಿದಿರುತ್ತವೆ. ಶೇಂಗಾ ಮಾರುವವನ ಕೂಗು, ಕಂಡಕ್ಟರನ ಸೀಟಿ, ಊರುಗಳ ಹೆಸರಿನ ಗದ್ದಲ. ಅದರ ನಡುವೆಯೇ ಒಬ್ಬರು ಇನ್ನೊಬ್ಬರ ಮೂಟೆ ಎತ್ತಿಕೊಡುತ್ತಾರೆ, ಗುರುತಿಲ್ಲದ ತಾಯಿಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಮನುಷ್ಯರ ಮೇಲಿನ ನಂಬಿಕೆ ಸಡಿಲವಾದ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿ ಕುಳಿತದ್ದುಂಟು.

ಅಂಥ ಒಂದು ದಿನ ಹುಟ್ಟಿದ ಕಥೆಯಲ್ಲಿ ಊರುಗೋಲಿನ ಹುಡುಗಿಯೊಬ್ಬಳನ್ನು ಕಂಡಕ್ಟರ್ ದಿನವೂ ಕೈಹಿಡಿದು ಬಸ್ಸಿಗೆ ಹತ್ತಿಸುತ್ತಿದ್ದ. ಅವನ ಧರ್ಮ ಬೇರೆ, ಅವಳದು ಬೇರೆ. ಓದುಗರು ಮೆಚ್ಚಿ ಪತ್ರ ಬರೆದರು. ನಮಗೂ ಒಳಗೊಳಗೇ ಹೆಮ್ಮೆಯಾಗಿತ್ತು.

ಕೆಲವು ದಿನಗಳ ನಂತರ ಅದೇ ನಿಲ್ದಾಣದ ಬೆಂಚಿನ ಮೇಲೆ ಟೀಚರೊಬ್ಬರು ಮಾತಿಗೆ ಸಿಕ್ಕರು. ಬಾಲ್ಯದಲ್ಲೇ ಪೋಲಿಯೊ ತಗುಲಿದ ಕಾಲು, ಪಕ್ಕದಲ್ಲಿ ಊರುಗೋಲು. ದಿನವೂ ಬಸ್ಸಿನಲ್ಲಿ ಹಳ್ಳಿಯ ಶಾಲೆಗೆ ಹೋಗಿ ಬರುವವರು. ಕಥೆಯನ್ನು ಓದಿದ್ದರು. “ಚೆನ್ನಾಗಿ ಬರೆದಿದ್ದೀರಿ ಸಾರ್. ಆದರೆ ನಿಮ್ಮ ಹುಡುಗಿ ಕಥೆಯ ಉದ್ದಕ್ಕೂ ನಗ್ತಾನೇ ಇರ್ತಾಳಲ್ಲ, ಯಾಕೆ ಗೊತ್ತಾ? ದಿನಾ ಹತ್ತಿಸೋರಿಗೆ ದಿನಾ ನಗಲೇಬೇಕು. ತಲೆನೋವಿದ್ದ ದಿನಾನೂ ನಗಬೇಕು. ಇನ್ನೊಂದು ಮಾತು, ಎತ್ತೋ ಕೈಗಳೆಲ್ಲ ಒಂದೇ ಥರ ಇರಲ್ಲ ಸಾರ್. ಅದನ್ನೂ ನಗ್ತಾನೇ ಸಹಿಸ್ಕೋಬೇಕು.”

ಅಷ್ಟರಲ್ಲಿ ಅವರ ಬಸ್ಸು ಬಂತು. ನಾವು ಎದ್ದು ಕೈ ಚಾಚಿದೆವು, ಅರ್ಧದಲ್ಲೇ ತಡೆದೆವು. ಕೈ ಕೊಡುವುದು ಸರಿಯೋ, ಕೊಡದಿರುವುದು ಸರಿಯೋ ತಿಳಿಯದೆ ನಿಂತುಬಿಟ್ಟೆವು. ಆ ಗೊಂದಲವೇ ಈ ಬರಹಕ್ಕೆ ಕಾರಣ. ಒಂದು ಊರಿನ ಜನ ಒಳ್ಳೆಯವರಾಗಿದ್ದರೆ ಸಾಕೇ? ದಯೆ ಇರುವ ಕಡೆ ನ್ಯಾಯವೂ ಇದೆಯೆಂದು ತಿಳಿಯಬಹುದೇ?

ಕನ್ನಡದಲ್ಲಿ ‘ಹಂಗು’ ಎಂಬ ಮಾತಿದೆ. ಉಪಕಾರ ಪಡೆದವನ ಕೊರಳಿಗೆ ಬೀಳುವ ಕಾಣದ ಹಗ್ಗ ಅದು. ನಮ್ಮ ವಚನಕಾರರಿಂದ ಹಿಡಿದು ಸರ್ವಜ್ಞನವರೆಗೆ ಹಂಗಿನ ಬಾಳನ್ನು ಹೀಗಳೆಯದವರಿಲ್ಲ. ನಾವು ಮೊದಲು ಅಕ್ಷರ ಕಲಿತ ಉರ್ದುವಿನಲ್ಲಿ ‘ಎಹ್ಸಾನ್’ ಇದೆ. ಮೂಲ ಅರಬ್ಬಿಯಲ್ಲಿ ಅದರ ಅರ್ಥ ಒಳಿತನ್ನು ಚೆಂದವಾಗಿ ಮಾಡುವುದು. ಉರ್ದುವಿನ ದಿನಬಳಕೆಗೆ ಇಳಿಯುವಷ್ಟರಲ್ಲಿ ಅದೇ ಮಾತು ತೀರಿಸಬೇಕಾದ ಋಣವಾಗಿದೆ. ಮಾಡಿದವನ ಕಣ್ಣಿಗೆ ಚೆಂದ, ಮಾಡಿಸಿಕೊಂಡವನ ಹೆಗಲಿಗೆ ಭಾರ. ಇವೆರಡರ ಎದುರಿಗೆ ನಿಲ್ಲುವ ಮಾತು ‘ಹಕ್ಕು’. ಅದೂ ಅರಬ್ಬಿಯ ‘ಹಖ್’ನಿಂದಲೇ ಕನ್ನಡಕ್ಕೆ ಬಂದದ್ದು. ಅಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಇದೆ. ಹಕ್ಕನ್ನು ಪಡೆದವನು ಯಾರಿಗೂ ನಗಬೇಕಾಗಿಲ್ಲ.

ಈ ವ್ಯತ್ಯಾಸ ನಮ್ಮ ಹಿರಿಯರಿಗೆ ತಿಳಿದಿತ್ತು. ಹಳೆಯ ಕಾಲುದಾರಿಗಳ ಪಕ್ಕ ಹೊರೆಗಲ್ಲುಗಳಿರುತ್ತಿದ್ದವು. ನೆಟ್ಟ ಎರಡು ಕಲ್ಲುಗಳ ಮೇಲೆ ಹೆಗಲೆತ್ತರಕ್ಕೆ ಒಂದು ಅಡ್ಡಚಪ್ಪಡಿ. ತಲೆಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಳ್ಳಲು ಇನ್ನೊಬ್ಬರು ಬರುವವರೆಗೂ ಕಾಯಬೇಕು. ಕಲ್ಲಿನ ಮೇಲೆ ಜಾರಿಸಿದರೆ ಒಬ್ಬನೇ ಇಳಿಸಿ, ದಣಿವಾರಿಸಿಕೊಂಡು, ಒಬ್ಬನೇ ಹೊತ್ತು ನಡೆಯಬಹುದು. ಕಲ್ಲು ನೆಟ್ಟವನಿಗೆ ದಯೆ ಇರಲಿಲ್ಲವೆಂದಲ್ಲ. ಅವನ ದಯೆ, ತಾನು ಎದುರಿಗೆ ಇಲ್ಲದಿದ್ದಾಗಲೂ ಕೆಲಸ ಮಾಡುವಂಥದ್ದು. ಜಪಾನಿನ ಸೇಯಿಚಿ ಮಿಯಾಕೆ ಎಂಬವರು ಮಾಡಿದ್ದೂ ಇದನ್ನೇ. ದೃಷ್ಟಿ ಕಳೆದುಕೊಳ್ಳುತ್ತಿದ್ದ ಗೆಳೆಯನಿಗಾಗಿ ಅವರು 1965ರಲ್ಲಿ ಉಬ್ಬುಗೆರೆ, ಉಬ್ಬುಚುಕ್ಕಿಗಳ ನೆಲಹಾಸನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ರಸ್ತೆಯಲ್ಲಿ ಅದನ್ನು ಮೊದಲು ಹಾಸಲಾಯಿತು. ಇಂದು ನಮ್ಮ ರೈಲು ನಿಲ್ದಾಣಗಳಲ್ಲಿ ಕಾಣುವ ಹಳದಿ ಪಟ್ಟಿ ಅದೇ. ಒಬ್ಬ ಗೆಳೆಯನ ಮೇಲಿನ ಮಮತೆ ನೆಲವಾಗಿ ಹಾಸಿಕೊಂಡಿದ್ದರಿಂದ, ಹೆಸರೇ ಗೊತ್ತಿಲ್ಲದ ಲಕ್ಷಾಂತರ ಜನ ಯಾರನ್ನೂ ಕೇಳದೆ ನಡೆಯುತ್ತಿದ್ದಾರೆ.

ಈಗ ನಮ್ಮ ನಿಲ್ದಾಣಕ್ಕೆ ಮರಳೋಣ. ಅಲ್ಲಿ ಇಳಿಜಾರು ಹಾದಿ ಇಲ್ಲವೆನ್ನುವಂತಿಲ್ಲ, ಇದೆ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ನಮ್ಮಲ್ಲಿ ಎರಡು ಅಡಿ ಎತ್ತರದ ಜಗಲಿಗೆ ಎಂಟು ಅಡಿಯ ಇಳಿಜಾರು. ಅದರ ಬುಡದಲ್ಲಿ ಸಾಲಾಗಿ ನಿಂತ ಬೈಕುಗಳು. ಗಾಲಿಕುರ್ಚಿಯವರು ಅದನ್ನು ತಾವಾಗಿ ಏರಲಾರರು, ಹಿಂದಿನಿಂದ ಒಬ್ಬರು ನೂಕಲೇಬೇಕು. ಅಂದರೆ ಹಂಗನ್ನು ತಪ್ಪಿಸಲೆಂದು ಕಟ್ಟಿದ್ದೇ ಹಂಗನ್ನು ಉಳಿಸಿದೆ. ಫೋಟೊ ತೆಗೆದರೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಸುರಕ್ಷತೆಯ ಕಥೆಯೂ ಇದೇ. ಬಸ್ಸುಗಳು ಜಗಲಿಗೆ ಮುಖ ಮಾಡಿ ನಿಂತು, ಹೊರಡುವಾಗ ಹಿಂದಕ್ಕೆ ಸರಿಯುತ್ತವೆ. ಅದೇ ಜಾಗದಲ್ಲಿ ಜನ ಮುಂದಿನ ಬಸ್ಸಿಗೆ ಓಡುತ್ತಾರೆ. ಎಚ್ಚರಿಸುವುದು ಕಂಡಕ್ಟರನ ಸೀಟಿ, ಕಿವಿ ಕೇಳದವರಿಗೆ ಆ ಸೀಟಿಯೇ ಇಲ್ಲ. ಊರಿನ ಹೆಸರಿರುವುದು ಬೋರ್ಡಿನಲ್ಲಿ, ಕಣ್ಣು ಕಾಣದವರಿಗೆ ಆ ಬೋರ್ಡೇ ಇಲ್ಲ. ಶೌಚಾಲಯ ಇರುವುದು ದೀಪ ಕೆಟ್ಟ ಹಿಂದಿನ ಮೂಲೆಯಲ್ಲಿ. ಆದ್ದರಿಂದ ನಮ್ಮ ಮನೆಯ ಹೆಣ್ಣುಮಕ್ಕಳು ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಇದನ್ನು ಅವರು ಯಾರಿಗೂ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಕ್ಯಾಮರಾ ಹಾಕಿದ್ದೇವೆ ಎಂದರೆ ಒಳ್ಳೆಯದೇ. ಆದರೆ ಕ್ಯಾಮರಾ ನಡೆದುಹೋದದ್ದನ್ನು ಹೇಳುತ್ತದೆ, ದೀಪ ನಡೆಯದಂತೆ ನೋಡಿಕೊಳ್ಳುತ್ತದೆ.

ಆ ಒಂದು ದೀಪದ ಬೆಲೆ ಎಷ್ಟೆಂದು ನಮ್ಮಂಥ ತಂದೆಯರೇ ಹೇಳಬೇಕು. “ಮಗ್ರಿಬ್‌ಗೆ ಮುಂಚೆ ಮನೆ ಸೇರು ಬೇಟಿ” ಎನ್ನುತ್ತೇವೆ. ಮಗಳು ಮಧ್ಯಾಹ್ನದ ಪ್ರಾಕ್ಟಿಕಲ್ ಕ್ಲಾಸು ಬಿಡುತ್ತಾಳೆ, ಮರುವರ್ಷ ವಿಜ್ಞಾನವನ್ನೇ ಬಿಡುತ್ತಾಳೆ, ಕೊನೆಗೆ ಕಾಲೇಜನ್ನೇ. ಅದಕ್ಕೆ ನಾವು ಮರ್ಯಾದೆಯೆಂದೋ ಸಂಪ್ರದಾಯವೆಂದೋ ಹೆಸರು ಕೊಡುತ್ತೇವೆ. ನಿಲ್ದಾಣದಲ್ಲಿ ಬಲ್ಬು ಹಾಕಿಸುವುದಕ್ಕಿಂತ ಮಗಳ ಓದನ್ನು ಆರಿಸುವುದು ನಮಗೆ ಸುಲಭವಾಗಿ ಕಂಡಿದೆ.

“ಅಂಥವರು ಎಷ್ಟು ಜನ ಬರುತ್ತಾರೆ?” ಎಂದು ಕೇಳುವವರಿದ್ದಾರೆ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಅವರು ನಿಲ್ದಾಣದಲ್ಲಿ ಕಾಣದಿರುವುದು ಅವರಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಬರಲಾಗದಿರುವುದಕ್ಕೆ ಸಾಕ್ಷಿ. ಅವರಲ್ಲದೆ ಮಂಡಿನೋವಿನ ಅಜ್ಜ, ಬಸುರಿ, ಬುರ್ಖಾದ ಅಂಚು ಮೆಟ್ಟಿಲಿಗೆ ಸಿಕ್ಕಿ ಎಡವುವ ತಾಯಿ, ಜೋಳದ ಚೀಲ ಹೊತ್ತ ರೈತ, ಇವರೆಲ್ಲರಿಗೂ ಬೇಕಾಗಿರುವುದು ಅದೇ ಇಳಿಜಾರು, ಅದೇ ಹಿಡಿಗಂಬಿ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಗಿ ಹೆಂಗಸರಿಗೆ ಟಿಕೆಟ್ಟಿನ ತಡೆ ತಪ್ಪಿತು. ಆ ತಡೆ ತಪ್ಪಿದ ಮೇಲೆ ಮೆಟ್ಟಿಲಿನ ತಡೆ, ಕತ್ತಲೆಯ ತಡೆ ಇನ್ನೂ ಎದ್ದು ಕಾಣುತ್ತಿದೆ.

ಕಾನೂನು ಸುಮ್ಮನಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಸ್ ನಿಲ್ದಾಣದ ಶೌಚಾಲಯ, ಟಿಕೆಟ್ ಕೌಂಟರುಗಳನ್ನೂ ಹೆಸರಿಸಿ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟದ್ದು ನಿಯಮಗಳು ಬಂದಂದಿನಿಂದ ಐದು ವರ್ಷ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ದೃಷ್ಟಿದೋಷವುಳ್ಳ ರಾಜೀವ್ ರಾತೂರಿಯವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಒಂದು ಮುಖ್ಯ ಮಾತು ಹೇಳಿತು: ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು. ಸಲಹೆಯೆಂದರೆ ಅಧಿಕಾರಿಯ ದಯೆ, ಕಡ್ಡಾಯವೆಂದರೆ ಪ್ರಯಾಣಿಕನ ಹಕ್ಕು. ಟೀಚರು ಬೆಂಚಿನ ಮೇಲೆ ಹೇಳಿದ್ದನ್ನೇ ನ್ಯಾಯಾಲಯ ತನ್ನ ಭಾಷೆಯಲ್ಲಿ ಹೇಳಿದೆ.

ಎಲ್ಲವನ್ನೂ ನಿಯಮಕ್ಕೆ ಒಪ್ಪಿಸಿದರೆ ಮನುಷ್ಯರ ನಡುವಿನ ಆರ್ದ್ರತೆ ಒಣಗುವುದಿಲ್ಲವೇ ಎಂಬ ಅಂಜಿಕೆ ನಮಗೂ ಇತ್ತು. ಯೋಚಿಸಿದಾಗ ಅದು ಹುಸಿಯೆನಿಸಿತು. ಹೊರೆಗಲ್ಲಿದ್ದ ದಾರಿಯಲ್ಲಿ ದಾರಿಹೋಕರು ಮಾತಾಡುವುದನ್ನು ಬಿಟ್ಟಿರಲಿಲ್ಲ. ಹೊರೆ ಇಳಿಸಿ, ಎಲೆಯಡಿಕೆ ಹಂಚಿಕೊಂಡು ಮಾತಾಡಿದರು. ಒಬ್ಬರು ದಾತ, ಇನ್ನೊಬ್ಬರು ಬೇಡುವವರು ಎಂಬ ಭೇದ ಹೋದ ಮೇಲೆ ಉಳಿಯುವುದೇ ನಿಜವಾದ ಸ್ನೇಹ. ಇನ್ನೊಬ್ಬರು ನಮಗೆ ಕೈಚಾಚುತ್ತಲೇ ಇರಲಿ, ಅದರಿಂದ ನಮಗೆ ಪುಣ್ಯ ಬರುತ್ತಲೇ ಇರಲಿ ಎಂದು ಮೆಟ್ಟಿಲನ್ನು ಹಾಗೇ ಉಳಿಸಿಕೊಂಡರೆ ಅದು ದಯೆಯಲ್ಲ, ವ್ಯಾಪಾರ.

ದಾರಿಯಲ್ಲಿ ಜನರಿಗೆ ತೊಂದರೆ ಕೊಡುವುದನ್ನು ಸರಿಸುವುದು ಈಮಾನಿನ ಒಂದು ಭಾಗವೆಂದು ಪ್ರವಾದಿ ಕಲಿಸಿದರು. ಮದರಸಾದ ಮಗುವಿಗೂ ಇದು ಗೊತ್ತು. ನಾವು ಅದನ್ನು ಮುಳ್ಳಿಗೆ, ಬಾಳೆಹಣ್ಣಿನ ಸಿಪ್ಪೆಗೆ ಸೀಮಿತ ಮಾಡಿದ್ದೇವೆ. ಸಿಮೆಂಟು ಹಾಕಿ, ಬಿಲ್ಲು ಮಾಡಿ ಕಟ್ಟಿದ ಮೆಟ್ಟಿಲೂ ಕೆಲವರ ದಾರಿಗೆ ಅಡ್ಡಬಿದ್ದ ಕಲ್ಲೇ. ಹೀಗೆ ಹೇಳುವಾಗ ನಿಲ್ದಾಣವೊಂದನ್ನೇ ದೂರಿದರೆ ತಪ್ಪಾದೀತು. ನಮ್ಮ ಎಷ್ಟು ಮಸೀದಿಗಳ ವುಜೂ ಕಟ್ಟೆಗೆ, ಎಷ್ಟು ಶಾದಿಮಹಲುಗಳ ಊಟದ ಹಾಲಿಗೆ ಗಾಲಿಕುರ್ಚಿ ಹೋಗುತ್ತದೆ? ಅಲ್ಲಿ ಟೆಂಡರೂ ಇಲ್ಲ, ಸರ್ಕಾರವೂ ಇಲ್ಲ. ಇರುವವರು ನಾವೇ.

ಆ ಕಥೆಯನ್ನು ಮತ್ತೆ ಬರೆಯಬೇಕೆಂದಿದ್ದೇವೆ. ಕಂಡಕ್ಟರ್ ಇರುತ್ತಾನೆ, ಒಳ್ಳೆಯವನಾಗಿಯೇ ಇರುತ್ತಾನೆ. ಜಗಲಿಗೆ ಇಪ್ಪತ್ತನಾಲ್ಕು ಅಡಿಯ ಇಳಿಜಾರು ಇರುತ್ತದೆ, ಪಕ್ಕದಲ್ಲಿ ಹಿಡಿಗಂಬಿ, ಮೇಲೊಂದು ಉರಿಯುವ ದೀಪ, ಎದುರಿಗೆ ನೆಲಕ್ಕೆ ಹತ್ತಿರವಾಗಿ ನಿಂತ ಬಸ್ಸು. ಹುಡುಗಿಗೆ ಅವತ್ತು ತಲೆನೋವು. ಮುಖ ಗಂಟಿಕ್ಕಿಕೊಂಡೇ ಬರುತ್ತಾಳೆ, ಯಾರನ್ನೂ ನೋಡದೆ ಬಸ್ಸು ಹತ್ತಿ, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಾಳೆ. ಕಂಡಕ್ಟರ್ ಸೀಟಿ ಊದುತ್ತಾನೆ, ಬಸ್ಸು ಹೊರಡುತ್ತದೆ. ಓದುಗರು ಈ ಕಥೆಗೆ ಪತ್ರ ಬರೆಯಲಿಕ್ಕಿಲ್ಲ. ಆ ಟೀಚರು ಓದಿದರೆ ಸಾಕು.