ಸಹಪ್ರಯಾಣಿಕನ ಋಣ

ರಸ್ತೆ, ರೈಲು, ಬಸ್ಸು, ಸರಕಾರದ ನಿಯಮಗಳು, ದಿನಕ್ಕೊಂದರಂತೆ ಬರುವ ಹೊಸ ಯಂತ್ರಗಳು, ಇವುಗಳ ವಿಷಯದಲ್ಲಿ ಸ್ವಂತ ಅಭಿಪ್ರಾಯವಿಲ್ಲದ ಮನುಷ್ಯನು ಇಂದು ದುರ್ಲಭ. ಪ್ರವಚನ ಮುಗಿದು ಪಂಕ್ತಿಗೆ ಎಲೆ ಹಾಕುವವರೆಗಿನ ಅಲ್ಪಾವಕಾಶದಲ್ಲಿಯೂ ಈ ಚರ್ಚೆ ನಡೆದೇ ನಡೆಯುತ್ತದೆ. ಒಬ್ಬರು ಕಾಯಿದೆ ಇನ್ನೂ ಕಠಿಣವಾಗಬೇಕೆನ್ನುತ್ತಾರೆ. ಇನ್ನೊಬ್ಬರು ಜನರೇ ಸರಿಯಿಲ್ಲದಿರುವಾಗ ಕಾಯಿದೆಯಿಂದೇನು ಫಲವೆನ್ನುತ್ತಾರೆ. ಮತ್ತೊಬ್ಬರು ಎಲ್ಲ ಅನರ್ಥಕ್ಕೂ ಮೊಬೈಲೇ ಮೂಲವೆಂದು ತೀರ್ಮಾನಿಸುತ್ತಾರೆ. ಊಟಕ್ಕೆ ಕರೆ ಬಂದೊಡನೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಈ ಲಘುವಾದ ಮಾತುಕತೆಯ ತಳದಲ್ಲಿ ಗಂಭೀರವಾದ ಒಂದು ಧರ್ಮಜಿಜ್ಞಾಸೆ ಅಡಗಿದೆ. ನಮಗೆ ಪರಿಚಯವಿಲ್ಲದ, ಮುಂದೆಂದೂ ಪ್ರಾಯಶಃ ಕಾಣದ ಮನುಷ್ಯನ ಅನುಕೂಲ ಪ್ರತಿಕೂಲಗಳನ್ನು ನಾವು ಗಮನಿಸುವುದು ನಮ್ಮ ಔದಾರ್ಯವೋ ಅಥವಾ ನಮ್ಮ ಕರ್ತವ್ಯವೋ? ಇದೇ ಇಲ್ಲಿ ವಿಚಾರಣೀಯವಾದ ವಿಷಯ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಎಲ್ಲರೂ ಬಲ್ಲ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ರೈಲಿನ ಮೂರು ಅಂತಸ್ತಿನ ಮಲಗುವ ಡಬ್ಬಿಯಲ್ಲಿ ಕೆಳಗೊಂದು, ನಡುವೆ ಒಂದು, ಮೇಲೊಂದು ಬರ್ತ್ ಇರುವುದು ಸರ್ವವಿದಿತ. ನಡುವಿನದನ್ನು ಎತ್ತಿ ಕಟ್ಟಿದರೆ ಕೆಳಗಿನವನು ನೆಟ್ಟಗೆ ಕುಳಿತುಕೊಳ್ಳಲಾರ. ಇಳಿಸಿದರೆ ನಡುವಿನವನು ಮಲಗಲಾರ. ಒಬ್ಬನ ಸುಖವು ಇನ್ನೊಬ್ಬನ ಕಷ್ಟವಾಗುವಂತೆ ಬಡಗಿಯೇ ಅಳತೆ ಮಾಡಿಟ್ಟಂತಿದೆ ಈ ಏರ್ಪಾಡು! ಇದರಿಂದ ಹುಟ್ಟುವ ಕಲಹಗಳನ್ನು ತಪ್ಪಿಸಲು ರೈಲ್ವೆ ಇಲಾಖೆಯು 2017ರಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿತು. ರಾತ್ರಿ 10 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ಮಲಗುವ ಕಾಲ. ಉಳಿದ ವೇಳೆಯಲ್ಲಿ ಇತರ ಪ್ರಯಾಣಿಕರಿಗೆ ಕುಳಿತುಕೊಳ್ಳಲು ಎಡೆ ಕೊಡತಕ್ಕದ್ದು. ಇದು ಆಜ್ಞೆ. ಆದರೆ ಸುತ್ತೋಲೆ ಇಲ್ಲಿಗೆ ಮುಗಿಯಲಿಲ್ಲ. ರೋಗಿಗಳು, ಅಂಗವಿಕಲರು, ಗರ್ಭಿಣಿಯರು ಬಯಸಿದಲ್ಲಿ ನಿಗದಿಯಾದ ವೇಳೆಯನ್ನು ಮೀರಿ ಮಲಗಲು ಅವಕಾಶವಿತ್ತು ಸಹಕರಿಸಬೇಕೆಂದು ಉಳಿದ ಪ್ರಯಾಣಿಕರನ್ನು ಅದು ವಿನಂತಿಸಿತು.

ವಾಚಕರು ಈ ಕೊನೆಯ ಮಾತನ್ನು ಸಾವಧಾನವಾಗಿ ಪರಿಶೀಲಿಸಬೇಕು. ಗಡಿಯಾರದ ಮುಳ್ಳನ್ನು ತೋರಿಸಿ ಆಜ್ಞಾಪಿಸಬಲ್ಲ ಸರಕಾರವು ಗರ್ಭಿಣಿಯ ಆಯಾಸದ ಮುಂದೆ ವಿನಂತಿಯ ಭಾಷೆಯನ್ನಾಡಿದೆ. ಯಾಕೆ? ಹತ್ತು ಗಂಟೆ ಎಲ್ಲರಿಗೂ ಹತ್ತೇ. ಆದರೆ ಎದುರಿಗೆ ಕುಳಿತವಳ ಸೊಂಟದ ನೋವು ಎಷ್ಟೆಂಬುದನ್ನು ದಿಲ್ಲಿಯಲ್ಲಿ ಕುಳಿತ ಅಧಿಕಾರಿ ಅಳೆಯಲಾರ. ಅದನ್ನು ಅಳೆಯಬಲ್ಲವನು ಎದುರಿನ ಸೀಟಿನವನೊಬ್ಬನೇ. ಕಾಯಿದೆಯ ಕೈ ಚಾಚುವಷ್ಟು ದೂರ ಚಾಚಿ, ಮುಂದೆ ಎಟುಕದಲ್ಲಿ ಮನುಷ್ಯನ ಅಂತಃಕರಣಕ್ಕೆ ಕಾರ್ಯವನ್ನು ಒಪ್ಪಿಸಿದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. “ನಾನು ಹಣ ಕೊಟ್ಟು ಟಿಕೇಟು ಪಡೆದಿದ್ದೇನೆ. ಸ್ಥಳ ನನ್ನದು. ಬಿಟ್ಟುಕೊಡದಿದ್ದರೆ ನನ್ನದೇನು ತಪ್ಪು?” ಎಂದು. ಈ ಮಾತನ್ನು ತಿರಸ್ಕಾರದಿಂದ ತಳ್ಳಿಹಾಕುವುದು ಯುಕ್ತವಲ್ಲ. ಹಕ್ಕು ಎಂಬುದು ನಿಜವಾದ ವಸ್ತು. ಅದಿಲ್ಲದೆ ಹೋದರೆ ಬಲಿಷ್ಠನಿಗೆ ಕಿಟಕಿಯ ಸೀಟು, ದುರ್ಬಲನಿಗೆ ಬಾಗಿಲ ಮೆಟ್ಟಿಲು ಎಂಬಂತಾದೀತು. ಆದರೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ತನ್ನದಲ್ಲದ ವಸ್ತುವನ್ನು ಯಾರೂ ದಾನ ಮಾಡಲಾರರು. ಸ್ಥಳದ ಮೇಲೆ ಹಕ್ಕುಳ್ಳವನು ಮಾತ್ರ ಅದನ್ನು ಬಿಟ್ಟುಕೊಡಬಲ್ಲ. ಹೀಗಿರುವಾಗ ಹಕ್ಕು ದಾಕ್ಷಿಣ್ಯಕ್ಕೆ ವಿರೋಧಿಯಾಗುವ ಬದಲು ಅದಕ್ಕೆ ಆಧಾರವೇ ಆಗುತ್ತದೆ. “ಸ್ಥಳ ನನ್ನದು” ಎಂಬ ವಾಕ್ಯವು ಸತ್ಯ. ಆದರೆ ಅದು ವಿಚಾರದ ಮೊದಲನೆಯ ವಾಕ್ಯ, ಕೊನೆಯದಲ್ಲ.

ಎರಡನೆಯ ಆಕ್ಷೇಪ: “ಹಾಗಾದರೆ ಕಾಯಿದೆಯನ್ನೇ ಬಿಗಿಗೊಳಿಸಲಿ, ದಂಡ ಬಿದ್ದರೆ ಜನ ತಾವಾಗಿ ಸರಿಹೋಗುತ್ತಾರೆ.” ಇದರಲ್ಲಿಯೂ ಸತ್ಯಾಂಶವಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಆಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದವನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ಇಂತಹ ಕಾಯಿದೆ ಬೇಕೇ ಬೇಕು. ಆದರೆ ಬೆಂಗಳೂರಿನ ಯಾವುದಾದರೊಂದು ದೊಡ್ಡ ರಸ್ತೆಯಲ್ಲಿ ನಿಂತು ನೋಡಿರಿ. ಆಂಬುಲೆನ್ಸು ಬಂದಾಗ ವಾಹನಗಳು ಪಕ್ಕಕ್ಕೆ ಸರಿಯುತ್ತವೆ. ಅದು ಮುಂದೆ ಹೋದೊಡನೆ, ಅದು ಬಿಡಿಸಿಕೊಂಡು ಹೋದ ದಾರಿಯಲ್ಲಿಯೇ ನಾಲ್ಕಾರು ಸ್ಕೂಟರುಗಳು, ಎರಡು ಕಾರುಗಳು ಬೆನ್ನು ಹತ್ತಿ ಧಾವಿಸುತ್ತವೆ. ದಾರಿ ಬಿಟ್ಟದ್ದೂ ಆಯಿತು, ಆ ದಾರಿಯಿಂದ ತಮ್ಮ ಲಾಭವನ್ನು ಎತ್ತಿಕೊಂಡದ್ದೂ ಆಯಿತು! ಒಳಗೆ ಮಲಗಿದವನ ಪ್ರಾಣಸಂಕಟವು ಹಿಂದಿನವನಿಗೆ ಐದು ನಿಮಿಷದ ಉಳಿತಾಯವಾಗಿ ತೋರಿತು. ಎಲ್ಲಿ ದೃಷ್ಟಿಯೇ ವಕ್ರವಾಗಿದೆಯೋ ಅಲ್ಲಿ ದಂಡವು ಕೈಕಾಲುಗಳನ್ನು ಮಾತ್ರ ತಿದ್ದಬಲ್ಲುದು.

ಅದೇ ಕಾಯಿದೆಯ ಇನ್ನೊಂದು ವಿಧಿ ಹೆಚ್ಚು ಬೋಧಪ್ರದವಾಗಿದೆ. ಅಪಘಾತಕ್ಕೊಳಗಾದವನನ್ನು ಆಸ್ಪತ್ರೆಗೆ ಸೇರಿಸಲು ಜನ ಹಿಂದೆ ಹೆದರುತ್ತಿದ್ದರು. ಪೋಲೀಸರ ಪ್ರಶ್ನೆ, ನ್ಯಾಯಾಲಯದ ಅಲೆದಾಟ ಎಲ್ಲಿ ಕೊರಳಿಗೆ ಬೀಳುವುದೋ ಎಂಬ ಭೀತಿ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಪರೋಪಕಾರಿಗಳಿಗೆ ರಕ್ಷಣೆಯ ಮಾರ್ಗಸೂಚಿಗಳನ್ನು ಸ್ಥಿರಪಡಿಸಿತು. 2019ರ ತಿದ್ದುಪಡಿಯು ಅದನ್ನು ಕಾಯಿದೆಯ ಒಳಗೇ ತಂದಿತು. ಸದ್ಭಾವದಿಂದ ನೆರವಾದವನ ಮೇಲೆ ದಾವೆಯಿಲ್ಲ. ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಇಲ್ಲಿ ಶಾಸನವು ಏನು ಮಾಡಿತು? ಸಹಾಯಕ್ಕೆ ಅಡ್ಡವಾಗಿದ್ದ ಭಯವೆಂಬ ಮುಳ್ಳನ್ನು ತೆಗೆಯಿತು. ಆದರೆ ರಸ್ತೆಯಲ್ಲಿ ಬಿದ್ದವನನ್ನು ಕಂಡು ಗಾಡಿ ನಿಲ್ಲಿಸುವ ಕಾಲು ನಮ್ಮದೇ ಆಗಬೇಕು. ಸಾರ್ವಜನಿಕ ನೀತಿಯ ಉತ್ಕೃಷ್ಟ ಕಾರ್ಯವೆಂದರೆ ಇದೇ: ಒಳ್ಳೆಯವನಾಗುವುದನ್ನು ಸುಲಭಗೊಳಿಸುವುದು. ಒಳ್ಳೆಯವನಾಗುವ ಕೆಲಸವನ್ನು ಅದು ನಮ್ಮ ಪರವಾಗಿ ಮಾಡಲಾರದು.

ಇನ್ನು ಯಂತ್ರಗಳ ವಿಷಯ. ಯಂತ್ರವನ್ನು ನಿಂದಿಸುವುದು ಸುಲಭ; ಆದರೆ ಅದು ಮಾಡಿದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. 2002ರಲ್ಲಿ ರೈಲು ಟಿಕೇಟನ್ನು ಅಂತರಜಾಲದ ಮೂಲಕ ಕಾದಿರಿಸುವ ವ್ಯವಸ್ಥೆ ಬಂದ ಮೇಲೆ ನಸುಕಿನಲ್ಲೆದ್ದು ನಿಲ್ದಾಣದಲ್ಲಿ ಸಾಲು ನಿಲ್ಲುವ ಕಷ್ಟ ಅನೇಕರಿಗೆ ಕ್ರಮೇಣ ತಪ್ಪಿತು. ಬಸ್ಸಿನಲ್ಲಿ ಮೊಬೈಲಿನಿಂದ ಹಣ ಪಾವತಿಸುವ ಅನುಕೂಲ ಬಂದು, ಚಿಲ್ಲರೆಗಾಗಿ ನಿರ್ವಾಹಕರಿಗೂ ಪ್ರಯಾಣಿಕರಿಗೂ ನಡೆಯುತ್ತಿದ್ದ ನಿತ್ಯಕಲಹ ಎಷ್ಟೋ ಶಮನವಾಗಿದೆ. ಹೀಗೆ ಯಂತ್ರವು ಜಗಳದ ಸಂದರ್ಭಗಳನ್ನು ಕಡಿಮೆಮಾಡುತ್ತದೆ. ಆದರೆ ಅದು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಎದುರಿನ ಮನುಷ್ಯನನ್ನು ಮರೆಮಾಡುತ್ತದೆ. ಸಾಲಿನಲ್ಲಿ ನಿಂತಿದ್ದಾಗ ಹಿಂದಿನ ವೃದ್ಧರ ಕೆಮ್ಮು ಕೇಳಿಸುತ್ತಿತ್ತು. “ತಾವು ಮುಂದೆ ಬನ್ನಿ” ಎನ್ನಲು ಅವಕಾಶವಿತ್ತು. ಈಗ ಬೆರಳು ಸೋಂಕಿದ ಕ್ಷಣದಲ್ಲಿ ಟಿಕೇಟು ನಮ್ಮದಾಗುತ್ತದೆ. ಆ ಯಂತ್ರವನ್ನು ಬಳಸಲರಿಯದೆ ಹಿಂದುಳಿದವರು ಯಾರೆಂಬುದು ನಮಗೆ ಕಾಣಿಸುವುದೇ ಇಲ್ಲ. ಸಾಲು ಮಾಯವಾಯಿತು, ಸಾಲಿನ ಕೊನೆಯಲ್ಲಿದ್ದವರು ಮಾಯವಾಗಲಿಲ್ಲ. ಆದುದರಿಂದ ಹಿಂದೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಂದು ಮನಸ್ಸು ಮಾಡಬೇಕಾಗಿದೆ. ನೆರೆಮನೆಯ ಹಿರಿಯ ದಂಪತಿಗಳಿಗೆ ಒಂದು ಟಿಕೇಟು ಕಾದಿರಿಸಿಕೊಡುವ ಯುವಕನು, ಹಿಂದಿನ ಕಾಲದಲ್ಲಿ ಸಾಲಿನಲ್ಲಿ ಸ್ಥಳ ಬಿಟ್ಟುಕೊಟ್ಟವನ ಪುಣ್ಯವನ್ನೇ ಸಂಪಾದಿಸುತ್ತಾನೆ.

ಕಿವಿಯ ವಿಷಯವೂ ಹೀಗೆಯೇ. ಬಸ್ಸಿನಲ್ಲಿ ಮೊಬೈಲಿನ ಹಾಡನ್ನೂ ಹಾಸ್ಯವನ್ನೂ ಗಟ್ಟಿಯಾಗಿ ಹಾಕಿಕೊಳ್ಳುವವನಿಗೆ ಪಕ್ಕದವನನ್ನು ಹಿಂಸಿಸುವ ಉದ್ದೇಶವಿರುವುದಿಲ್ಲ. ಪಕ್ಕದವನೊಬ್ಬ ಇದ್ದಾನೆಂಬ ಸ್ಮರಣೆಯೇ ಇರುವುದಿಲ್ಲ. ನಿತ್ಯಜೀವನದ ಬಹುಪಾಲು ಅಪರಾಧಗಳು ದ್ವೇಷದಿಂದ ಹುಟ್ಟಿದವುಗಳಲ್ಲ, ವಿಸ್ಮೃತಿಯಿಂದ ಹುಟ್ಟಿದವು. ಇದು ಸಮಾಧಾನದ ಮಾತೂ ಹೌದು, ಎಚ್ಚರಿಕೆಯ ಮಾತೂ ಹೌದು; ಯಾಕೆಂದರೆ ದ್ವೇಷವಿಲ್ಲದವರೆಂದು ನೆಮ್ಮದಿಯಿಂದಿರುವ ನಾವು ವಿಸ್ಮೃತಿಯಿಲ್ಲದವರೆಂದು ಹೇಳಿಕೊಳ್ಳಲಾರೆವು.

ಈಗ ಮೂಲಪ್ರಶ್ನೆಗೆ ಬರೋಣ. ಕಾಯಿದೆಯು ವಿನಂತಿಸಿ ಸುಮ್ಮನಾದಲ್ಲಿ, ಆ ವಿನಂತಿಯನ್ನು ನಾವು ಯಾಕೆ ನಡೆಸಿಕೊಡಬೇಕು? ಬಿಟ್ಟುಕೊಟ್ಟ ಸ್ಥಳಕ್ಕೆ ಪ್ರತಿಫಲವಿಲ್ಲ. ಕೃತಜ್ಞತೆಯೂ ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುತ್ತದೆ.

ಉತ್ತರಕ್ಕಾಗಿ ಬೆಂಗಳೂರಿನಿಂದ ಕರಾವಳಿಗೆ ಹೋಗುವ ರಾತ್ರಿಯ ರೈಲನ್ನೇ ನೆನೆಯಬಹುದು. ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ಸಂಚಾರಕ್ಕೆ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ಹಾದಿಯಲ್ಲಿ 57 ಸುರಂಗಗಳು; ನೂರಕ್ಕೂ ಮಿಕ್ಕಿ ಸೇತುವೆಗಳು. ಮಳೆಗಾಲದಲ್ಲಿ ಜರಿಯುವ ಮಣ್ಣು, ದಟ್ಟವಾದ ಕಾಡು, ಕಡಿದಾದ ಕಣಿವೆ, ಇವುಗಳ ನಡುವೆ ಬಂಡೆಯನ್ನು ಕೊರೆದವರ ಹೆಸರು ನಮಗೆ ಗೊತ್ತಿಲ್ಲ. ಇಂದಿಗೂ ಮಳೆಯ ರಾತ್ರಿಗಳಲ್ಲಿ ಹಳಿಯ ಮೇಲೆ ನಡೆದು, ಬಂಡೆ ಉರುಳಿದೆಯೋ ಎಂದು ದೀಪ ಹಿಡಿದು ನೋಡುವ ಕಾವಲುಗಾರನ ಮುಖವನ್ನು ನಾವು ಕಂಡಿಲ್ಲ. ನಾವು ಹೊದಿಕೆ ಹೊದ್ದು ನಿದ್ರಿಸುತ್ತಿರುವಾಗ ಐವತ್ತೇಳು ಸುರಂಗಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಬೆಳಗಾಗುವಾಗ ಕಡಲ ಸೀಮೆ ಬಂದಿರುತ್ತದೆ.

ಟಿಕೇಟಿನ ಹಣದಲ್ಲಿ ಇದೆಲ್ಲ ತೀರಿತೆಂದು ಯಾರು ಎದೆ ಮುಟ್ಟಿ ಹೇಳಬಲ್ಲರು? ಮನುಷ್ಯನು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂಬುದು ನಮ್ಮ ಹಿರಿಯರ ದೃಷ್ಟಿ. ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸುವ ಮಾರ್ಗಗಳನ್ನು ಅವರು ಹೇಳಿಕೊಟ್ಟರು. ಮನುಷ್ಯರಿಗೆ ಸಲ್ಲಬೇಕಾದ ಋಣವೂ ಒಂದುಂಟೆಂದು ನೆನಪಿಸಿದರು. ಸುರಂಗ ಕೊರೆದ ಅಪರಿಚಿತನಿಗೆ ಅವನ ಋಣವನ್ನು ಹಿಂದಿರುಗಿಸಲು ನಮಗೆ ಸಾಧ್ಯವಿಲ್ಲ. ಎದುರಿನ ಸೀಟಿನಲ್ಲಿರುವ ಅಪರಿಚಿತಳಿಗೆ ಅದನ್ನು ಸಲ್ಲಿಸಬಹುದು. ಆದ್ದರಿಂದ ಬೆಳಗಿನ ಆರು ಗಂಟೆಯ ಮೇಲೆ ಗರ್ಭಿಣಿಯೊಬ್ಬಳು ಇನ್ನೊಂದು ಗಂಟೆ ಮಲಗಲೆಂದು ಬಾಗಿಲ ಬಳಿ ನಿಂತವನು ಯಾವ ಔದಾರ್ಯವನ್ನೂ ಮೆರೆದಂತಾಗಲಿಲ್ಲ. ಹಳೆಯ ಸಾಲದ ಒಂದು ಕಂತನ್ನು ಕಟ್ಟಿದ, ಅಷ್ಟೇ. ಹೀಗೆ ತಿಳಿದವನಿಗೆ ಅಹಂಕಾರವೂ ಬರುವುದಿಲ್ಲ, “ಉಳಿದವರು ಮಾಡದಿರುವಾಗ ನಾನೊಬ್ಬನೇ ಯಾಕೆ?” ಎಂಬ ಪ್ರಶ್ನೆಯೂ ಏಳುವುದಿಲ್ಲ. ನೆರೆಯವನು ಸಾಲ ತೀರಿಸಲಿಲ್ಲವೆಂದು ನಮ್ಮ ಸಾಲವು ಮನ್ನಾ ಆಗುವುದುಂಟೇ?

ಆದರೆ ಇದರ ಮರುಮುಖವನ್ನೂ ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ಕೊಡುವವನಿಗೆ ಧರ್ಮವಿರುವಂತೆ ಕೇಳುವವನಿಗೂ ಧರ್ಮವಿದೆ. ಒಂಟಿಯಾಗಿ ಬಂದವರನ್ನು ಕಂಡೊಡನೆ, “ನಮ್ಮ ಮನೆಯವರೆಲ್ಲ ಒಟ್ಟಿಗಿರಬೇಕು, ತಾವು ಆ ಕಡೆ ಹೋಗಿ” ಎಂದು ಅಪ್ಪಣೆ ಮಾಡುವ ಕುಟುಂಬಗಳನ್ನು ಕಾಣುತ್ತೇವೆ. ನೋಡಲು ಗಟ್ಟಿಮುಟ್ಟಾಗಿರುವ ವ್ಯಕ್ತಿಗೆ ಮೊಣಕಾಲಿನ ಬೇನೆಯೋ ಇತ್ತೀಚಿನ ಶಸ್ತ್ರಚಿಕಿತ್ಸೆಯೋ ಇರಬಹುದು. ಅದನ್ನು ಹತ್ತು ಜನರೆದುರು ಹೇಳಿಕೊಳ್ಳಲು ಸಂಕೋಚವಿರಬಹುದು. ಕೇಳುವ ಮಾತಿನಲ್ಲಿ “ಆಗದು” ಎನ್ನಲು ಎಡೆಯಿರಬೇಕು. ಆಗದೆಂದವರ ಮೇಲೆ ಕಹಿ ಇರಬಾರದು. ಬಲವಂತದಿಂದ ಪಡೆದ ದಾಕ್ಷಿಣ್ಯವು ಕಸಿದುಕೊಂಡ ವಸ್ತುವಿಗೆ ಸಮಾನ.

ಕೊನೆಯದಾಗಿ ಈ ವಿಚಾರವನ್ನು ನಮ್ಮ ಅಂಗಳಕ್ಕೂ ತರಬೇಕಾಗುತ್ತದೆ. ಉತ್ಸವಗಳ ಕಾಲದಲ್ಲಿ ನಮ್ಮ ವಾಹನಗಳು ಯಾರದೋ ಮನೆಯ ಗೇಟಿಗೆ ಅಡ್ಡವಾಗಿ ನಿಲ್ಲುವುದುಂಟು. ನಮ್ಮ ಧ್ವನಿವರ್ಧಕಗಳು ಯಾರದೋ ನಿದ್ರೆಗೆ ಅಡ್ಡವಾಗುವುದುಂಟು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಾಂಗಣದಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. ವರ್ಷದಲ್ಲಿ ಒಟ್ಟು ಹದಿನೈದು ದಿನಗಳನ್ನು ಮೀರದಂತೆ, ಹಬ್ಬಹರಿದಿನಗಳಲ್ಲಿ ಮಧ್ಯರಾತ್ರಿಯವರೆಗೆ ವಿನಾಯಿತಿಯನ್ನು ಕೊಡುವ ಅಧಿಕಾರ ರಾಜ್ಯಸರಕಾರಕ್ಕಿದೆ. ಅನುಮತಿಯಿದ್ದಾಗ ಬಳಸುವುದು ದೋಷವಲ್ಲ. ಆದರೆ ಬೀದಿಯ ಆಚೆಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೋ, ಜ್ವರದಿಂದ ಮಲಗಿದ ವೃದ್ಧರೋ ಇದ್ದಾರೆಂದು ತಿಳಿದಾಗ, ಅನುಮತಿಪತ್ರವು ಜೇಬಿನಲ್ಲಿದ್ದರೂ ಧ್ವನಿಯನ್ನು ತಗ್ಗಿಸುವ ಕೈಯೊಂದು ಬೇಕು. ಭಗವಂತನಿಗೆ ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳಿಸುವುದೆಂದು ನಾವ್ಯಾರೂ ನಂಬಿದವರಲ್ಲವಷ್ಟೆ.

ಕಾಯಿದೆಗಳು ಇನ್ನೂ ಬರಲಿ. ಯಂತ್ರಗಳು ಇನ್ನೂ ಬರಲಿ. ಅವುಗಳ ಗುಣದೋಷಗಳನ್ನು ನಾವು ಮನಸಾರೆ ಚರ್ಚಿಸೋಣ. ಆದರೆ ಅಭಿಪ್ರಾಯವನ್ನು ಹೇಳಿ ಮುಗಿಸಿದ ಮೇಲೆ, ನಮ್ಮ ವಾಹನವು ಯಾರ ಬಾಗಿಲಿಗೆ ಅಡ್ಡವಾಗಿ ನಿಂತಿದೆಯೆಂಬುದನ್ನೊಮ್ಮೆ ಹೊರಗೆ ಹೋಗಿ ನೋಡಿ ಬರುವುದು ಒಳ್ಳೆಯದು.