ನಮ್ಮ ಮಕ್ಕಳಿಲ್ಲದ ನಮ್ಮ ಶಾಲೆ

ಭಾನುವಾರದ ಬಲಿಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲಿ ನಿಂತು ನಾವಾಡುವ ಮಾತುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: 'ಶಾಲೆಯೇನೋ ನಮ್ಮದು, ಆದರೆ ಅಲ್ಲಿ ನಮ್ಮ ಮಕ್ಕಳೆಷ್ಟು?' ಕೇಳುವವರ ದನಿಯಲ್ಲಿ ವಿಷಾದವಿರುತ್ತದೆ. ಒಮ್ಮೊಮ್ಮೆ ಅಸಮಾಧಾನವೂ ಇರುತ್ತದೆ. ಹಿರಿಯರು ಬೆವರು ಸುರಿಸಿ ದುಡಿದದ್ದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ಕಟ್ಟಿದ ಶಾಲೆಯಲ್ಲಿ ಅವರ ಮೊಮ್ಮಕ್ಕಳೇ ಇಲ್ಲವೆಂದರೆ ಆ ಶಾಲೆಯನ್ನು ನಡೆಸಬೇಕೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ.

ಕಾರವಾರದಿಂದ ಅಂಕೋಲೆಯತ್ತ ಹೆದ್ದಾರಿಯಲ್ಲಿ ಬಿಣಗಾ, ಅರ್ಗಾ ದಾಟಿದರೆ ಚೆಂಡಿಯಾ. ಒಂದು ಕಡೆ ಸಹ್ಯಾದ್ರಿಯ ಸೆರಗು, ಇನ್ನೊಂದು ಕಡೆ ಅರಬ್ಬೀ ಸಮುದ್ರ. ಇಂಥ ಊರುಗಳಲ್ಲಿ ಕಥೋಲಿಕ ಪ್ರೌಢಶಾಲೆಯೊಂದರ ಅರ್ಥವೇನೆಂದು ತಿಳಿಯಬೇಕಾದರೆ ಇಲ್ಲಿಯ ಭಾಷೆಗಳಿಗೆ ಕಿವಿಗೊಡಬೇಕು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಕಾರವಾರದ ಕಡೆ ಮರಾಠಿ ಶಾಲೆಗಳೂ ಇದ್ದವು. ಧರ್ಮಸಭೆಯ ಲೆಕ್ಕದಲ್ಲಿ ನಾವು 1953ರವರೆಗೆ ಗೋವೆಗೆ, ಆನಂತರ ಬೆಳಗಾವಿಗೆ ಸೇರಿದ್ದೆವು. ಕಾರವಾರ ಧರ್ಮಪ್ರಾಂತ್ಯ ಉದಯಿಸಿದ್ದು 1976ರ ಜನವರಿ 24ರಂದು. ಮನೆಯಲ್ಲಿ ಜಪಸರದ ಭಾಷೆ ಕೊಂಕಣಿ, ಸರಕಾರದ ಭಾಷೆ ಬೇರೆ. ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಅವರದೇ ಸೊಗಸಿನ ಕನ್ನಡ, ಹರಿಕಂತ್ರರ ಕೇರಿಯಲ್ಲಿ ಇನ್ನೊಂದು ಬಗೆಯ ಮಾತು. ಪ್ರೌಢಶಾಲೆಯ ಪಠ್ಯಪುಸ್ತಕದ ಕನ್ನಡ ಈ ಯಾವ ಮನೆಯದೂ ಆಗಿರಲಿಲ್ಲ. ಹೀಗಾಗಿ ಅಲ್ಲಿ ಎಲ್ಲರೂ ಸಮಾನವಾಗಿ ತಡವರಿಸಿದರು. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಷಟ್ಪದಿಗೆ ಹೆದರಿದವರ ನಡುವೆ ಬೆಳೆಯುವ ಸಲಿಗೆಯನ್ನು ಯಾವ ಸೌಹಾರ್ದ ಸಮ್ಮೇಳನವೂ ಬೆಳೆಸಲಾರದು.

ನೆನಪಿಡಬೇಕಾದ ಇನ್ನೊಂದು ಸಂಗತಿಯೂ ಉಂಟು. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದ ಅದೇ 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಹುಟ್ಟುಹಾಕಿ ಈ ಜಿಲ್ಲೆಯ ಬಡ ಗೇಣಿದಾರರ ಮಕ್ಕಳಿಗಾಗಿ ಪ್ರೌಢಶಾಲೆಗಳನ್ನು ತೆರೆಯಲು ಹೊರಟರು. ಅವರ ಪ್ರೇರಣೆ ಬೇರೆ, ನಮ್ಮ ಗುರುಗಳ ಮತ್ತು ಧರ್ಮಭಗಿನಿಯರ ಪ್ರೇರಣೆ ಬೇರೆ. ಆದರೆ ಇಬ್ಬರ ಶಾಲೆಗಳಿಗೂ ಬಂದ ಮಕ್ಕಳು ಒಂದೇ ಬಗೆಯವರು. ಈ ಕರಾವಳಿಯಲ್ಲಿ ವಿದ್ಯೆಯನ್ನು ಹಂಚಿದವರು ನಾವೊಬ್ಬರೇ ಎಂದು ಬೀಗುವವರು ಇದನ್ನು ಮರೆಯಬಾರದು.

ಮುಂದೆ ಸೀಬರ್ಡ್ ಬಂತು. 1986ರಲ್ಲಿ ರಾಜೀವ್ ಗಾಂಧಿಯವರು ಶಿಲಾನ್ಯಾಸ ಮಾಡಿದ ನೌಕಾನೆಲೆ 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಿಂದ ಸೇವೆಗೆ ಸಮರ್ಪಿತವಾಗುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡಿದ್ದವು. ತೋಡೂರು, ಮುದಗಾ, ಹಾರವಾಡ ಮುಂತಾದ ಕಡೆಗಳಲ್ಲಿ ಪುನರ್ವಸತಿ ಕಾಲೊನಿಗಳು ಎದ್ದವು. ಹೋದದ್ದು ಗದ್ದೆ, ತೆಂಗು, ದೋಣಿ ಎಳೆಯುವ ದಂಡೆ ಎಂದು ಪರಿಹಾರದ ಕಡತಗಳು ಲೆಕ್ಕ ಹಾಕಿದವು. ನೆರೆಹೊರೆ ಎಂಬುದಕ್ಕೆ ಕಡತದಲ್ಲಿ ಅಂಕಣವಿರಲಿಲ್ಲ. ಬೇಲಿಯಾಚೆಯಿಂದ ಸಾಂಬಾರಿನ ಬಟ್ಟಲು ದಾಟಿಸುತ್ತಿದ್ದವರು ಬೇರೆ ಬೇರೆ ಸಾಲುಗಳಲ್ಲಿ ಮನೆ ಕಟ್ಟಿಕೊಂಡರು. ಅಂಥ ಕಾಲದಲ್ಲಿ ಹಳೆಯ ನೆರೆಯವರ ಮಕ್ಕಳು ದಿನವೂ ಸೇರಬಹುದಾದ ಜಾಗವೆಂದರೆ ಶಾಲೆಯೊಂದೇ.

ಕಾನೂನು ಏನೆನ್ನುತ್ತದೆ? ನಮ್ಮ ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 29ನೆಯ ವಿಧಿ, ಸರಕಾರದ ಅನುದಾನ ಪಡೆಯುವ ಶಾಲೆ ಕೇವಲ ಧರ್ಮ, ಜಾತಿಗಳ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ಧರ್ಮಸಭೆಯಾದರೋ ಇನ್ನೂ ಮುಂದೆ ಹೋಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಬಡವರು, ಮನೆಯ ಆಸರೆ ಇಲ್ಲದವರು ಮತ್ತು ನಮ್ಮ ವಿಶ್ವಾಸಕ್ಕೆ ಹೊರಗಿನವರು, ಈ ಮೂವರನ್ನು ಕಥೋಲಿಕ ಶಾಲೆಯ ವಿಶೇಷ ಕಾಳಜಿಗೆ ಒಪ್ಪಿಸಿದೆ. ಹಾಗಾದರೆ ಅನ್ಯರ ಮಕ್ಕಳಿಂದ ತುಂಬಿದ ಶಾಲೆ ದಾರಿ ತಪ್ಪಿದ ಶಾಲೆಯಲ್ಲ.

ಇಲ್ಲಿಗೆ ಮುಗಿಸಿದ್ದರೆ ನನಗೆ ಸುಖವಿತ್ತು. 'ಅದು ನಮ್ಮ ಸೇವೆ' ಎಂದು ಹೇಳಿ ನಾವೆಲ್ಲ ಮನೆಗೆ ಹೋಗಬಹುದಿತ್ತು. ಆದರೆ ಓದುಗರೇ, ನಮ್ಮ ಮಕ್ಕಳು ಆ ಶಾಲೆಯಲ್ಲಿ ಇಲ್ಲದಿರುವುದಕ್ಕೆ ಅನ್ಯರು ಬಂದದ್ದು ಕಾರಣವೇ? ಅವರನ್ನು ಯಾರೂ ಹೊರಗೆ ನೂಕಲಿಲ್ಲ. ಇಂಗ್ಲಿಷ್ ಮಾಧ್ಯಮವನ್ನು ಅರಸಿ, ಹಳದಿ ಬಣ್ಣದ ಬಸ್ಸು ಹತ್ತಿಸಿ ಪೇಟೆಗೆ ಕಳುಹಿಸಿದವರು ನಾವೇ. ಮಕ್ಕಳ ಭವಿಷ್ಯವನ್ನು ಬಯಸುವುದು ಪಾಪವಲ್ಲ. ಮಾಧ್ಯಮದ ಆಯ್ಕೆ ತಂದೆತಾಯಿಯರದು ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಕರ್ನಾಟಕದ ಮೊಕದ್ದಮೆಯಲ್ಲಿ ಹೇಳಿತು. ಆದರೂ ನಮ್ಮ ಮಗುವಿಗೆ ಸಾಲದೆಂದು ನಾವು ಬಿಟ್ಟುಬಂದ ಬೆಂಚನ್ನು ಇನ್ನೊಬ್ಬರ ಮಗುವಿಗೆ ತೋರಿಸಿ ಅದನ್ನು ಸೇವೆಯೆಂದು ಕರೆಯುವುದು ಎಷ್ಟು ಸರಿ? ನಾವಿಲ್ಲದ ಪಂಕ್ತಿಯಲ್ಲಿ ಊಟ ಬಡಿಸುವುದು ಒಂದು, ಪಂಕ್ತಿಯಲ್ಲಿ ಕೂಡಿ ಉಣ್ಣುವುದು ಇನ್ನೊಂದು. ಪ್ರಭು ಯೇಸು ಸುಂಕದವರಿಗೆ ಊಟ ಕಳುಹಿಸಲಿಲ್ಲ, ಅವರ ಜೊತೆ ಕುಳಿತರು. ಜನ ಗೊಣಗಿದ್ದು ಅದಕ್ಕಾಗಿಯೇ.

ಇದನ್ನು ಬರೆಯುತ್ತಿರುವ ನಾನೂ ನಿರಪರಾಧಿಯಲ್ಲ. ಇದೇ ಕರಾವಳಿಯ ಒಂದು ಕಥೋಲಿಕ ಪ್ರೌಢಶಾಲೆಯಲ್ಲಿ ಕನ್ನಡದಲ್ಲಿ ಓದಿದವನು ನಾನು. ನನ್ನ ಮಗಳನ್ನು ಮಾತ್ರ ಪೇಟೆಗೆ ಕಳುಹಿಸಿದೆ. ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ನನ್ನ ತಂದೆ ತೀರಿಕೊಂಡರು. ಸುದ್ದಿ ಮುಟ್ಟಿಸಲು ಫೋನು ಹಿಡಿಯುವ ಮೊದಲೇ ನನ್ನ ಹಳೆಯ ಸಹಪಾಠಿಗಳು ಅಂಗಳದಲ್ಲಿದ್ದರು. ಇಬ್ಬರು ತಾಡಪತ್ರಿ ಕಟ್ಟಿದರು. ಮೀನುಗಾರ ಕುಟುಂಬದ ಒಬ್ಬ ಸಮಾಧಿಯ ಗುಂಡಿಯಲ್ಲಿ ತುಂಬುತ್ತಿದ್ದ ನೀರನ್ನು, ಗುರುಗಳು ಪ್ರಾರ್ಥನೆ ಆರಂಭಿಸುವವರೆಗೂ, ಕೊಡದಿಂದ ಎತ್ತಿ ಹಾಕುತ್ತಲೇ ಇದ್ದ. ಮಗಳು ನನ್ನ ತೋಳು ಹಿಡಿದು, 'ಪಪ್ಪಾ, ಇವರೆಲ್ಲ ಯಾರು?' ಎಂದು ಕೇಳಿದಳು. ನಮ್ಮ ಮನೆಯಿಂದ ಅರ್ಧ ಮೈಲಿಯೊಳಗಿನವರು ಅವರು. ಅವಳಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ.

ಆದ್ದರಿಂದ 'ಶಾಲೆಯಲ್ಲಿ ನಮ್ಮವರೆಷ್ಟು' ಎಂದು ಕೇಳುವಾಗ ಆ ಲೆಕ್ಕವನ್ನು ಹಾಜರಿ ಪುಸ್ತಕದಲ್ಲಿ ಹುಡುಕುವುದಕ್ಕೆ ಮುನ್ನ ನಮ್ಮ ನಮ್ಮ ಮನೆಗಳಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಎಲ್ಲರೂ ನಾಳೆಯೇ ಮಕ್ಕಳನ್ನು ಹಿಂದಕ್ಕೆ ಕರೆತನ್ನಿರೆಂದು ಹೇಳುವ ನೈತಿಕ ಹಕ್ಕು ನನಗಿಲ್ಲ. ಶಾಲೆ ಮುಚ್ಚಲಿ ಎನ್ನುವವರಿಗೆ ಮಾತ್ರ ನಾನು ದನಿಗೂಡಿಸಲಾರೆ.

ಕಳೆದ ಜೂನ್ ತಿಂಗಳ ಮೊದಲ ವಾರ ನೆರೆಯ ಕೇರಿಯ ತಾಯಿಯೊಬ್ಬಳು ಮಗನ ಪ್ರವೇಶದ ಅರ್ಜಿ ಹಿಡಿದು ನಮ್ಮ ಮನೆಗೆ ಬಂದಳು, ತುಂಬಿಕೊಡಬೇಕಿತ್ತು. 'ನಿಮ್ಮ ಮಗಳೂ ಇದೇ ಶಾಲೆಯಲ್ಲಿ ಕಲಿತದ್ದಲ್ಲವೇ?' ಎಂದು ಕೇಳಿದಳು. ಇಲ್ಲವೆಂದೆ. ಆಕೆ ಮತ್ತೇನೂ ಕೇಳದೆ ಸೆರಗಿನ ತುದಿಯಿಂದ ಅರ್ಜಿಯ ಮೇಲಿನ ಮಳೆಹನಿಯನ್ನು ಒರೆಸಿ ನನ್ನ ಮುಂದಿಟ್ಟಳು.